ಹಳದಿ ಹಾಳೆಯ ಗೆರೆ

ಜನವರಿ 9

ಮಗಳಿಗೆ,

ಫೋನಿನಲ್ಲಿ ಮಾತಾಡಿದರೆ ಎರಡನೇ ನಿಮಿಷಕ್ಕೆ ಜಗಳ, ಮೂರನೇ ನಿಮಿಷಕ್ಕೆ ನೀನು ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ನಡುವೆ ಕಡಿಯಲು ಬರುವುದಿಲ್ಲ. ಹರಿದು ಹಾಕಬಹುದು, ಆದರೆ ಹರಿಯುವ ಮುಂಚೆ ಓದಿಯೇ ಓದುತ್ತೀಯ. ನಿನ್ನ ಅಮ್ಮನೂ ಹಾಗೇ ಇದ್ದಳು. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಸ್ಟುಡಿಯೋ ಚಿತ್ರ ಬಿಡಿಸಿ ಮಾಡಿದ ಹೊಸ ಅನಿಮೆಯ ಮೊದಲ ಕಂತನ್ನು ಟಿವಿಯಲ್ಲಿ ನೋಡಿದೆ. ಗಡಿಯಾರ ರಿಪೇರಿ ಮಾಡುವ ಹುಡುಗಿಯ ಕಥೆ. ಕಥೆ ಪರವಾಗಿಲ್ಲ. ಆದರೆ ಆ ಹುಡುಗಿಗೆ ಕೈಗಳೇ ಇಲ್ಲವಲ್ಲ! ಒಮ್ಮೆ ಮೇಜಿನ ಹಿಂದೆ, ಒಮ್ಮೆ ಜೇಬಿನೊಳಗೆ, ಇನ್ನೊಮ್ಮೆ ಚೀಲದ ಮರೆಯಲ್ಲಿ. ಇಪ್ಪತ್ತೆರಡು ನಿಮಿಷದಲ್ಲಿ ಹನ್ನೊಂದು ಸಲ ಕೈ ಬಚ್ಚಿಟ್ಟಿದ್ದೀರಿ. ಗಡಿಯಾರ ರಿಪೇರಿಯವಳು ಕೈ ತೋರಿಸದೆ ಇನ್ನೇನು ಕಾಲು ತೋರಿಸುತ್ತಾಳೆಯೇ? ಬಾಗಿಲು ತೆರೆದಾಗ ಅವಳ ಕೂದಲು ಹಾರಿತು, ಪಕ್ಕದ ಕಿಟಕಿಯ ಪರದೆ ಕಲ್ಲಿನ ಹಾಗೆ ನಿಂತಿತ್ತು. ಗಾಳಿಗೂ ಮುಖ ನೋಡಿ ಬೀಸುವ ಬುದ್ಧಿ ಬಂದಿದೆ ಅಂತಾಯಿತು. ಮೆಟ್ಟಿಲು ಇಳಿಯುವಾಗ ಮೈಗೆ ತೂಕವಿಲ್ಲ.

ಮರೆತಿದ್ದರೆ ನೆನಪಿಸುತ್ತೇನೆ: ಅದೇ ಸ್ಟುಡಿಯೋದಲ್ಲಿ ಮೂವತ್ತೆಂಟು ವರ್ಷ ತಿದ್ದುಗಾರನಾಗಿ ಕೂತವನು ನಾನು. ಬೇರೆಯವರ ಚಿತ್ರದ ಮೇಲೆ ತೆಳು ಹಳದಿ ಹಾಳೆ ಇಟ್ಟು, ತಪ್ಪಿದ ಗೆರೆಯನ್ನು ಮತ್ತೆ ಎಳೆದವನು. ಬೆನ್ನ ಹಿಂದೆ ಎಲ್ಲರೂ ಹಳದಿ ಮೇಷ್ಟ್ರು ಅನ್ನುತ್ತಿದ್ದರು. ಈಗ ಅದೇ ಕುರ್ಚಿಯಲ್ಲಿ ನೀನು ಕೂತಿದ್ದೀಯ. ಅನಿಮೆ ವರ್ಷದಿಂದ ವರ್ಷಕ್ಕೆ ಹಾಳಾಗುತ್ತಿದೆ ಎಂದು ಊರೆಲ್ಲ ಹೇಳುವಾಗ ಆ ಕುರ್ಚಿ ನೆನಪಾಗುತ್ತದೆ. ಮುಂದಿನ ಕಂತಿನ ತಪ್ಪುಗಳನ್ನು ಮುಂದೆ ಬರೆಯುತ್ತೇನೆ.

ನಿನ್ನ ಅಪ್ಪ


ಜನವರಿ 18

ಅಪ್ಪನಿಗೆ,

ಓದಿದೆ. ಹರಿಯಲಿಲ್ಲ.

ಹನ್ನೊಂದು ಕೈಗಳಲ್ಲಿ ಒಂಬತ್ತನ್ನು ಬಚ್ಚಿಟ್ಟವಳು ನಾನೇ. ಬಂದ ಚಿತ್ರದಲ್ಲಿ ಬೆರಳುಗಳು ಬದನೆಕಾಯಿಯಂತಿದ್ದವು, ತಿದ್ದಲು ಸಮಯವಿರಲಿಲ್ಲ. ಕೆಟ್ಟ ಕೈಗಿಂತ ಕಾಣದ ಕೈ ಮೇಲು ಅನಿಸಿತು. ನಿಮ್ಮ ಕಾಲದಲ್ಲಿ ಒಂದು ಕಂತು ತಿದ್ದಲು ಎರಡು ತಿಂಗಳು ಸಿಗುತ್ತಿತ್ತು. ನನಗೆ ಎರಡು ವಾರ. ಕಳೆದ ವರ್ಷ ನಾವು ಮೂವರು ತಿದ್ದುತ್ತಿದ್ದೆವು. ಒಬ್ಬಳು ಬೆನ್ನು ನೋವೆಂದು ಬಿಟ್ಟಳು, ಒಬ್ಬ ಏನೂ ಹೇಳದೆ ಬಿಟ್ಟ. ಇಷ್ಟೆಲ್ಲ ಮಾಡಿ ಕಳಿಸಿದರೆ ಜನ ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ ನೋಡುತ್ತಾರೆ.

ನಿಮ್ಮ ಕಾಲವೇನೂ ಪೂರ್ತಿ ಬಂಗಾರವಲ್ಲ ಅಪ್ಪ. ನಾನು ನಿಮ್ಮ ಮೇಜಿನ ಕೆಳಗೆ ಕೂತು ಬೆಳೆದವಳು. ನಿಮ್ಮ ಒಂದು ಕಂತಿನಲ್ಲಿ ಕುದುರೆ ಓಡುವಾಗ ಹಿಂದೆ ಅವೇ ಮೂರು ಮರಗಳು ಎಂಟು ಸಲ ಹಾದುಹೋದದ್ದನ್ನು ಎಣಿಸಿ ನಾನು ನಕ್ಕಿದ್ದೆ, ನೀವು ಸುಮ್ಮನಿರು ಎಂದು ಕಾಲಿನಲ್ಲಿ ತಿವಿದಿದ್ದಿರಿ. ಒಳ್ಳೆಯದನ್ನು ಜನ ಎತ್ತಿಟ್ಟುಕೊಂಡರು, ಕೆಟ್ಟದ್ದನ್ನು ಮರೆತರು. ಇವತ್ತಿನ ಕೆಟ್ಟದ್ದು ಮಾತ್ರ ಇನ್ನೂ ಕಣ್ಣೆದುರೇ ಬಿದ್ದಿದೆ, ಅಷ್ಟೆ.

ಇನ್ನೊಂದು ವಿಷಯ. ಒಂಬತ್ತು ವರ್ಷದ ಹಿಂದೆ ನನ್ನ ಮೊದಲ ಶಾಟಿನ ಹದಿನಾಲ್ಕು ಚಿತ್ರಗಳಿಗೂ ನೀವು ಹಳದಿ ಹಾಳೆ ಹಾಕಿದಿರಿ. ಎಲ್ಲರ ಎದುರಿಗೆ. 'ಇವಳ ಗೆರೆಯಲ್ಲಿ ಜೀವ ಇಲ್ಲ, ಮತ್ತೆ ಮಾಡಿಸಿ' ಅಂದಿರಿ. ಆ ಹದಿನಾಲ್ಕೂ ಇನ್ನೂ ನನ್ನ ಹತ್ತಿರ ಇವೆ.

ನಿಮ್ಮ ಅಕ್ಷರ ಸಣ್ಣದಾಗಿದೆ. ಕನ್ನಡಕ ಬದಲಿಸಿದಿರಾ?

ಮಗಳು


ಫೆಬ್ರವರಿ 4

ಮಗಳಿಗೆ,

ಮೂರು ಮರ, ಎಂಟು ಸಲ. ಒಪ್ಪಿದೆ. ಆ ಉಪಾಯ ನನ್ನದೇ. ಮುಖ ಅಲುಗಿಸದೆ ಬಾಯಿ ಮಾತ್ರ ಅಲುಗಿಸುವುದನ್ನೂ ನಾವೇ ಶುರು ಮಾಡಿದ್ದು. ಹಾಳಾಗುವ ದಾರಿಗೆ ಮೊದಲ ಕಲ್ಲು ಹಾಸಿದವರು ನಾವೇ ಇರಬಹುದು. ಆದರೆ ನಮಗೆ ನಾಚಿಕೆಯಾಗುತ್ತಿತ್ತು. ಒಂದು ಕಂತಿನಲ್ಲಿ ಹಾಗೆ ಮೋಸ ಮಾಡಿದರೆ ಮುಂದಿನ ಕಂತಿನಲ್ಲಿ ಒಂದು ಕೈಯನ್ನಾದರೂ ಪ್ರಾಣ ಕೊಟ್ಟು ಬಿಡಿಸುತ್ತಿದ್ದೆವು.

ಹದಿನಾಲ್ಕು ಹಾಳೆಯ ಮಾತು ಬಿಡು. ಅದು ಕೆಲಸ. ನಿನ್ನ ಜಾಗದಲ್ಲಿ ಯಾರಿದ್ದರೂ ಹಾಗೇ ಮಾಡುತ್ತಿದ್ದೆ. ಮಗಳು ಅಂತ ಬಿಟ್ಟಿದ್ದರೆ ಅದು ನಿನಗೆ ಅವಮಾನ.

ಕನ್ನಡಕ ಬದಲಿಸಿಲ್ಲ. ಬಲಗೈ ತೊಡೆಯ ಮೇಲಿಟ್ಟರೆ ತನ್ನಷ್ಟಕ್ಕೆ ತಾನೇ ತಾಳ ಹಾಕುತ್ತದೆ. ಎರಡು ವರ್ಷದ ಹಿಂದೆಯೇ ಡಾಕ್ಟರು ನೋಡಿ, 'ಸುಮ್ಮನಿದ್ದಾಗ ಮಾತ್ರ ನಡುಗುತ್ತೆ, ಕೆಲಸಕ್ಕೆ ಹಚ್ಚಿದರೆ ನಿಲ್ಲುತ್ತೆ' ಎಂದಿದ್ದರು. ಹಾಗಾದರೆ ಇದಕ್ಕೆ ಮದ್ದು ಕೆಲಸವೇ ತಾನೇ? ಈ ಎರಡು ಕೋಣೆಯ ಮನೆಯಲ್ಲಿ ನಾನು ಏನು ಮಾಡಲಿ? ಬೆಳಿಗ್ಗೆ ಕಿಟಕಿ ತೆರೆಯುತ್ತೇನೆ, ಸಂಜೆ ಮುಚ್ಚುತ್ತೇನೆ. ನಡುವೆ ಅನಿಮೆ ನೋಡಿ ಬೈಯುತ್ತೇನೆ. ಆರು ವರ್ಷದಿಂದ ಇದೇ.

ಒಂದಿಪ್ಪತ್ತು ಹಾಳೆ ಕಳಿಸು. ಕೈಗಳನ್ನು ಮಾತ್ರ ತಿದ್ದಿ ಕೊಡುತ್ತೇನೆ. ಕೇಳಿಕೊಳ್ಳುತ್ತಿದ್ದೇನೆ ಅಂತಲೇ ತಿಳಿ. ಸರಿಯಿಲ್ಲದಿದ್ದರೆ ಮುಖಕ್ಕೆ ಹೊಡೆದಂತೆ ಹೇಳು. ನಮ್ಮ ಮನೆಯಲ್ಲಿ ತಪ್ಪು ಮುಚ್ಚುವ ಪದ್ಧತಿ ಇಲ್ಲ.

ಅಪ್ಪ


ಫೆಬ್ರವರಿ 20

ಅಪ್ಪನಿಗೆ,

ಹನ್ನೆರಡನೇ ಕಂತಿನ ಇಪ್ಪತ್ತು ಹಾಳೆ ಕಳಿಸಿದ್ದೇನೆ. ಹುಡುಗಿ ಗಡಿಯಾರದ ಹಿಂಬದಿ ಬಿಚ್ಚುವ ದೃಶ್ಯ. ಇಡೀ ಕಥೆಯಲ್ಲಿ ಅವಳ ಹೆಗ್ಗಳಿಕೆ ಒಂದೇ: ಅವಳ ಕೈ ಅಲುಗುವುದಿಲ್ಲ. ಭೂಮಿ ನಡುಗಿದರೂ ಅಲುಗುವುದಿಲ್ಲ. ಅದನ್ನು ನೆನಪಿಟ್ಟುಕೊಳ್ಳಿ. ಹತ್ತು ದಿನದೊಳಗೆ ಬೇಕು.

ಮುಚ್ಚಳವಿರುವ ಲೋಟದಲ್ಲಿ ಚಹಾ ಕುಡಿಯಿರಿ. ಹಾಳೆಗಳ ಹತ್ತಿರ ಇಡಬೇಡಿ.

ಮಗಳು


ಮಾರ್ಚ್ 3

ಮರಿ,

ಇಪ್ಪತ್ತೂ ಆಯಿತು. ನಿನ್ನೆಯೇ ಆಯಿತು, ಇವತ್ತು ಮತ್ತೊಮ್ಮೆ ನೋಡಿದೆ.

ಊಟದ ಮೇಜನ್ನು ಕಿಟಕಿಗೆ ಎಳೆದೆ. ಕೆಳಗಿನ ಹಾಳೆಯ ಗೆರೆ ಮೇಲಿನದಕ್ಕೆ ಕಾಣಿಸುವ ಲೈಟ್ ಬಾಕ್ಸನ್ನು ಅಲಮಾರಿಯಿಂದ ಇಳಿಸಿದೆ. ಆ ದೀಪದ ಗಾಜಿನ ಮೇಲೆ ಆರು ವರ್ಷದ ಧೂಳು. ಉಗುರು ಕತ್ತರಿಸಿದೆ, ತೋಳು ಮಡಚಿದೆ. ಮೊದಲ ಗೆರೆ ಎಳೆಯುವ ಮುಂಚೆ ಹೊಸದಾಗಿ ಕೆಲಸಕ್ಕೆ ಸೇರಿದವನ ಹಾಗೆ ಪೆನ್ಸಿಲ್ಲನ್ನು ಎರಡೆರಡು ಸಲ ಚೂಪು ಮಾಡಿದೆ. ಡಾಕ್ಟರು ಹೇಳಿದ್ದು ಸರಿ. ಪೆನ್ಸಿಲ್ ಕಾಗದಕ್ಕೆ ತಾಗಿದ ಕೂಡಲೇ ಕೈ ಸುಮ್ಮನಾಯಿತು, ನನಗೆ ಹಾಗೇ ಕಂಡಿತು. ಹೆಬ್ಬೆರಳಿನ ಬುಡದ ಆ ಮಾಂಸದ ಉಬ್ಬು ನೋಡು, ಹದಿನೇಳನೇ ಹಾಳೆಯಲ್ಲಿ. ಅದನ್ನು ಈಗ ಯಾರು ಬಿಡಿಸುತ್ತಾರೆ?

ಅಲಮಾರಿಯ ತಳದಲ್ಲಿ ನನ್ನ ಮೊಹರೂ ಸಿಕ್ಕಿತು. 'ಇದ್ದದ್ದು ಇದ್ದ ಹಾಗೆ'. ನೆನಪಿದೆಯಾ? ಬಣ್ಣಕ್ಕೆ ಮುಂಚೆ ನಮ್ಮ ಹಾಳೆಗಳ ಗೆರೆ ನಕಲು ಮಾಡುವ ಕಂಪನಿಯಲ್ಲಿ ಯಾರೋ ಒಬ್ಬರು ನನ್ನ ಗೆರೆಯನ್ನು ಚಂದ ಮಾಡಲು ಹೋಗಿ ಕೆಡಿಸಿದ ಮೇಲೆ ಅದನ್ನು ಮಾಡಿಸಿದೆ. ಈ ಮೊಹರಿರುವ ಹಳದಿ ಹಾಳೆಯನ್ನು ಕೂದಲೆಳೆಯಷ್ಟೂ ಬದಲಿಸದೆ ನಕಲು ಮಾಡಬೇಕು ಎಂಬುದು ಆ ಕಂಪನಿಯವರಿಗೆ ಇವತ್ತಿಗೂ ಕಾನೂನು. ಈ ಸಲ ಒತ್ತಿಲ್ಲ. ಮೊದಲು ನೀನು ನೋಡಿ ಹೇಳು.

ನಾನು ಕಾಯುತ್ತಿರುತ್ತೇನೆ.

ಅಪ್ಪ


ಮಾರ್ಚ್ 9

ಪ್ರೀತಿಯ ಅಪ್ಪನಿಗೆ,

ಹಾಳೆಗಳು ತಲುಪಿದವು. ತುಂಬ ಚೆನ್ನಾಗಿವೆ. ನಿರ್ದೇಶಕರು ನೋಡಿ 'ಇದು ಮೇಷ್ಟ್ರ ಕೈ' ಅಂದರು. ಹದಿನೇಳನೆಯದನ್ನು ಗೋಡೆಗೆ ಹಚ್ಚಿದ್ದಾರೆ. ಏನೂ ಬದಲಿಸಬೇಕಾಗಲಿಲ್ಲ.

ಕೊನೆಯ ಕಂತಿನ ಹಾಳೆಗಳನ್ನು ತಿಂಗಳ ಕೊನೆಗೆ ಕಳಿಸಲೇ?

ನಿಮ್ಮ ಮರಿ


ಮಾರ್ಚ್ 9

ಬಣ್ಣದ ಅತ್ತೆಗೆ,

ನೀವೂ ಅಮ್ಮನೂ ಸ್ಟುಡಿಯೋದ ಒಂದೇ ಕೋಣೆಯಲ್ಲಿ ಚಿತ್ರಗಳಿಗೆ ಬಣ್ಣ ಹಚ್ಚಿದವರು, ಅಮ್ಮ ಇಲ್ಲದ ಮೇಲೆ ನಾನು ಹೇಳಿಕೊಳ್ಳಲು ನೀವೊಬ್ಬರೇ ಇರುವುದು. ಇವತ್ತು ಅಪ್ಪನಿಗೆ ಸುಳ್ಳು ಬರೆದೆ.

ಅವರು ತಿದ್ದಿ ಕಳಿಸಿದ ಇಪ್ಪತ್ತು ಹಾಳೆಗಳಲ್ಲಿ ಒಂದು ಗೆರೆಯೂ ನೇರವಿಲ್ಲ. ಎಲ್ಲವೂ ನಡುಗಿವೆ. ಯಾವ ಬೆರಳು ಎಲ್ಲಿ ಮಡಚಬೇಕು, ಭಾರ ಎಲ್ಲಿ ಬೀಳಬೇಕು, ಅದೆಲ್ಲ ಅವರಿಗೆ ಗೊತ್ತಿದೆ ಅತ್ತೆ, ನಮಗಿಂತ ಚೆನ್ನಾಗಿ. ಆದರೆ ಕೈ ಮಾತು ಕೇಳುತ್ತಿಲ್ಲ. ಅದು ಅವರ ಕಣ್ಣಿಗೆ ಕಾಣುತ್ತಲೂ ಇಲ್ಲ.

ನಾನು ಹೇಳಬೇಕಿತ್ತು. ಅವರ ಪತ್ರದಲ್ಲಿ ಉಗುರು ಕತ್ತರಿಸಿದ್ದು, ತೋಳು ಮಡಚಿದ್ದು ಓದಿದ ಮೇಲೆ ಆಗಲಿಲ್ಲ. ಒಂಬತ್ತು ವರ್ಷದಲ್ಲಿ ಮೊದಲ ಸಲ ಮರಿ ಅಂತ ಕರೆದಿದ್ದಾರೆ. ಇಪ್ಪತ್ತರ ಮೇಲೂ ಹೊಸ ಹಾಳೆ ಇಟ್ಟು ಅವರ ಗೆರೆಯನ್ನು ಅವರು ಹೇಗೆ ಎಳೆಯಬೇಕೆಂದುಕೊಂಡಿದ್ದರೋ ಹಾಗೆ ನಾನು ಎಳೆದೆ. ನಾಲ್ಕು ದಿನ ಹಿಡಿಯಿತು. ನಿರ್ದೇಶಕರಿಗೆ ಅಪ್ಪನದೇ ಎಂದು ಕೊಟ್ಟೆ, ಅವರ ಇಪ್ಪತ್ತನ್ನು ಉಗ್ರಾಣದಲ್ಲಿಟ್ಟೆ.

ನೀವು ಬೈಯುತ್ತೀರಿ. ಬೈದು ಬಿಡಿ.

ನಿಮ್ಮ ಹುಡುಗಿ


ಮಾರ್ಚ್ 17

ಹುಡುಗಿ,

ಬೈಯಲ್ಲ. ನಿನ್ನಮ್ಮ ಇದ್ದಿದ್ದರೆ ಅವಳೂ ಇದನ್ನೇ ಮಾಡುತ್ತಿದ್ದಳು, ಮಾಡಿ ಆಮೇಲೆ ನನ್ನ ಹತ್ತಿರ ಬಂದು ಅಳುತ್ತಿದ್ದಳು.

ಆದರೆ ಇದು ಮಡಿಲಲ್ಲಿ ಕೆಂಡ ಕಟ್ಟಿಕೊಂಡ ಹಾಗೆ. ಇವತ್ತು ಬೆಚ್ಚಗಿದೆ ಅಂತ ಖುಷಿ ಪಡಬೇಡ. ನಿನ್ನ ಅಪ್ಪ ಮಗುವಲ್ಲ. ಅವರಿಗೆ ಇಷ್ಟು ವರ್ಷ ಯಾರೂ ಮೆತ್ತಗೆ ಹೇಳಲಿಲ್ಲ, ಯಾಕೆಂದರೆ ಅವರೂ ಯಾರಿಗೂ ಮೆತ್ತಗೆ ಹೇಳಿದವರಲ್ಲ. ಕೊನೆಯ ಕಂತಿನ ಹಾಳೆ ಕಳಿಸುವ ಮುಂಚೆ ಹೋಗಿ, ಎದುರು ಕೂತು, ಕೈ ಹಿಡಿದು ಹೇಳು. ಕೈ ಹಿಡಿದರೆ ಅವರಿಗೇ ಗೊತ್ತಾಗುತ್ತದೆ.

ನಾನಾಗಿ ಅವರಿಗೆ ಏನೂ ಹೇಳುವುದಿಲ್ಲ. ಅವರಾಗಿ ಕೇಳಿದರೆ ಸುಳ್ಳು ಹೇಳುವುದೂ ಇಲ್ಲ.

ನಿನ್ನ ಬಣ್ಣದ ಅತ್ತೆ


ಏಪ್ರಿಲ್ 4

ಮರಿ,

ಹನ್ನೆರಡನೇ ಕಂತನ್ನು ಮೂರು ಸಲ ನೋಡಿದೆ. ಮೂರನೇ ಸಲ ಧ್ವನಿ ತೆಗೆದು ಬರೀ ಕೈಗಳನ್ನು ನೋಡಿದೆ. ಸುಮ್ಮನೆ ಹೇಳುತ್ತಿಲ್ಲ, ನನ್ನ ಮೂವತ್ತೆಂಟು ವರ್ಷದಲ್ಲಿ ಅಂಥ ಗೆರೆ ನನ್ನ ಕೈಯಿಂದ ಬಂದಿರಲಿಲ್ಲ. ಉಸಿರಾಡುವ ಗೆರೆ ಅದು. ಮುದುಕನಾದ ಮೇಲೆ ಕೈ ಪಳಗಿದೆ ಅಂದರೆ ಯಾರು ನಂಬುತ್ತಾರೆ? ಆರು ವರ್ಷ ಸುಮ್ಮನೆ ಕೂತದ್ದಕ್ಕೆ ಹೊಟ್ಟೆ ಉರಿಯಿತು. ಎದುರು ಮನೆಯ ಟೈಲರನ್ನು ಕರೆದು ತೋರಿಸಿದೆ. ಅವನಿಗೆ ಅನಿಮೆ ಗೊತ್ತಿಲ್ಲ, ಆದರೆ ಕೈ ಗೊತ್ತು. 'ಸೂಜಿ ಹಿಡಿಯೋರ ಕೈ ಸಾರ್ ಇದು' ಅಂದ.

ನೀನು ಕಳಿಸಿದ ಕೊನೆಯ ಕಂತಿನ ಮೂವತ್ತೊಂದು ಹಾಳೆಯೂ ಮುಗಿದವು. ನಿನಗೆ ಮತ್ತೆ ನೋಡುವ ಕೆಲಸ ಯಾಕೆ ಅಂತ, ನಿನ್ನೆ ನಾನೇ ನೇರವಾಗಿ ಗೆರೆ ನಕಲು ಮಾಡುವ ಕಂಪನಿಗೆ ಕಳಿಸಿಬಿಟ್ಟೆ. ಹಳೆಯ ವಿಳಾಸವೇ ಇದೆ. ಎಲ್ಲದರ ಮೇಲೂ ಮೊಹರು ಒತ್ತಿದ್ದೇನೆ. ಬಾರಿ ಬಾರಿ ನನ್ನ ಹಾಳೆಗಳನ್ನು ಹೊತ್ತು ತಿರುಗುವುದು ತಪ್ಪಿತು ನಿನಗೆ. ಹಾಯಾಗಿರು.

ನಿನ್ನ ಅಪ್ಪ


ಏಪ್ರಿಲ್ 14

ಬಣ್ಣದ ಅತ್ತೆ,

ನಾನು ಹೋಗಲಿಲ್ಲ. ಕೈ ಹಿಡಿಯಲಿಲ್ಲ. ಕೆಲಸ ಅಂದೆ, ಮುಂದಿನ ವಾರ ಅಂದೆ, ಹಾಳೆಗಳನ್ನು ಮಾತ್ರ ಕಳಿಸಿದೆ. ಮತ್ತೆ ನಾಲ್ಕು ದಿನ ಕೂತು ನಾನೇ ಎಳೆದರಾಯಿತು ಎಂದುಕೊಂಡಿದ್ದೆ. ಅವರು ನೇರವಾಗಿ ಕಂಪನಿಗೆ ಕಳಿಸಿದ್ದಾರೆ, ಮೊಹರು ಒತ್ತಿ.

ಪತ್ರ ಕೈಗೆ ಬಂದ ತಕ್ಷಣ ಕಂಪನಿಗೆ ಫೋನ್ ಮಾಡಿದೆ. ಅಲ್ಲಿಯ ಮೇಲ್ವಿಚಾರಕಿ ತುಂಬ ಹೆಮ್ಮೆಯಿಂದ ಹೇಳಿದಳು: 'ನಮಗೂ ವಿಚಿತ್ರ ಅನ್ನಿಸ್ತು ಮೇಡಂ. ಆದರೆ ಮೊಹರಿತ್ತಲ್ಲ. ಒಂದೊಂದು ನಡುಕವನ್ನೂ ಭೂತಗನ್ನಡಿ ಹಿಡಿದು ಹಾಗೇ ನಕಲು ಮಾಡಿದೀವಿ. ಒಂದು ಹಾಳೆಗೂ ಇನ್ನೊಂದಕ್ಕೂ ನಡುವೆ ನಾವು ತುಂಬೋ ಚಿತ್ರಗಳಲ್ಲೂ ಅದನ್ನೇ ಮುಂದುವರಿಸಿದೀವಿ.' ಆ ಹೆಂಗಸಿನ ತಪ್ಪೇನು? ಬಣ್ಣವೂ ಆಗಿಹೋಗಿದೆ. ಪ್ರಸಾರಕ್ಕೆ ಆರು ದಿನ.

ನಿರ್ದೇಶಕರ ಕೋಣೆಯ ಬಾಗಿಲಲ್ಲಿ ನಿಂತೆ. ಹೇಳಿದರೆ ಪ್ರಸಾರವನ್ನು ಒಂದು ವಾರ ಮುಂದೂಡುತ್ತಿದ್ದರೋ ಏನೋ. ಆದರೆ ಹೇಳುವುದು ಅಂದರೆ ಅಪ್ಪನ ಕೈ ಹೋಗಿದೆ ಎಂದು ಇಡೀ ಸ್ಟುಡಿಯೋಗೆ ಹೇಳುವುದು. ಗೋಡೆಯ ಮೇಲೆ ಇನ್ನೂ ಆ ಹದಿನೇಳನೇ ಹಾಳೆ ಇತ್ತು, ಕೆಳಗೆ ಮೇಷ್ಟ್ರು ಅಂತ ಬರೆದಿತ್ತು. ಬಾಗಿಲು ತಟ್ಟದೆ ವಾಪಸ್ಸು ಬಂದೆ.

ನಿಮ್ಮ ಮಾತು ಕೇಳಬೇಕಿತ್ತು ಅತ್ತೆ. ಈಗ ಬೈಯಿರಿ.

ಹುಡುಗಿ


ಏಪ್ರಿಲ್ 22

ನೋಡಿದೆ.

ಏನಿದು? ಕೊನೆಯ ಕಂತಿನ ಕೊನೆಯ ದೃಶ್ಯ. ಇಡೀ ಊರು ಉಸಿರು ಹಿಡಿದು ನೋಡುತ್ತಿದೆ, ಹುಡುಗಿ ದೊಡ್ಡ ಗಡಿಯಾರಕ್ಕೆ ಕೊನೆಯ ಚಕ್ರ ಕೂರಿಸಬೇಕು, ಅವಳ ಕೈ ಚಳಿಜ್ವರ ಬಂದವರ ಹಾಗೆ ಗಡಗಡ ನಡುಗುತ್ತಿದೆ! ಬೆರಳಿನ ಅಂಚು ಕುದಿಯುತ್ತಿದೆ, ಉಗುರು ತೇಲುತ್ತಿದೆ. ಅಳಬೇಕಾದ ಜಾಗದಲ್ಲಿ ಜನ ನಕ್ಕಿರುತ್ತಾರೆ. ನಾನು ಟಿವಿ ಆರಿಸಿ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ.

ಯಾರ ಕೈ ಇದು? ನನ್ನ ಹಾಳೆಗಳನ್ನು ಆ ಕಂಪನಿಯವರು ಕೆಡಿಸಿದರೇ? ಹಾಗಿದ್ದರೆ ನಾಳೆಯೇ ಅವರಿಗೆ ಪತ್ರ ಬರೆದು ನನ್ನ ಹಾಳೆಗಳನ್ನು ವಾಪಸ್ಸು ತರಿಸಿ, ಒಂದೊಂದನ್ನೂ ಪಕ್ಕದಲ್ಲಿಟ್ಟು ಮುಖಕ್ಕೆ ಹಿಡಿಯುತ್ತೇನೆ. ಇಲ್ಲವೇ, ನೀನು ನನ್ನದನ್ನು ತೆಗೆದು ನಿನ್ನದನ್ನು ಹಾಕಿದೆಯಾ? ಹೌದು ಅಥವಾ ಅಲ್ಲ ಅಂತ ಬರಿ. ಕಥೆ ಬೇಡ.

ಅಪ್ಪ


ಏಪ್ರಿಲ್ 29

ಅಪ್ಪನಿಗೆ,

ಕಂಪನಿಗೆ ಬರೆಯಬೇಡಿ. ಅವರ ತಪ್ಪಿಲ್ಲ. ಹಾಳೆಗಳನ್ನೂ ತರಿಸಬೇಡಿ.

ಅದು ನಾನೇ ಎಳೆದ ಗೆರೆ. ನಿಮ್ಮ ಹಾಳೆಗಳನ್ನು ತೆಗೆದು ನನ್ನದನ್ನು ಹಾಕಿದೆ. ನಿಮ್ಮದಕ್ಕಿಂತ ಚೆನ್ನಾಗಿ ಮಾಡಬಲ್ಲೆ ಎಂಬ ಜಂಬವಿತ್ತು. ಕೆಲವು ದಿನದಿಂದ ನನ್ನ ಕೈ ನಡುಗುತ್ತಿದೆ, ಯಾರಿಗೂ ಹೇಳಿರಲಿಲ್ಲ.

ಜನ ಅದಕ್ಕೆ ನಡುಗುವ ಕಂತು ಅಂತ ಹೆಸರಿಟ್ಟಿದ್ದಾರೆ. ಆ ಹತ್ತು ಸೆಕೆಂಡನ್ನು ಕತ್ತರಿಸಿ ಒಬ್ಬರಿಂದ ಒಬ್ಬರಿಗೆ ಕಳಿಸಿ ನಗುತ್ತಿದ್ದಾರೆ. ಅನಿಮೆ ಸತ್ತಿತು, ಇದೇ ಸಾಕ್ಷಿ ಅಂತ ಯಾರೋ ಬರೆದಿದ್ದಾರೆ. ನಿರ್ದೇಶಕರು ನನ್ನ ಹತ್ತಿರ ಮಾತಾಡುವುದಿಲ್ಲ. ಎದುರು ಬಂದರೆ ಗಡಿಯಾರ ನೋಡಿಕೊಳ್ಳುತ್ತಾರೆ.

ಕ್ಷಮಿಸಿ.

ಮಗಳು


ಮೇ 6

ಮಗಳಿಗೆ,

ನಿಜ ಹೇಳಿದ್ದಕ್ಕೆ ಮೆಚ್ಚಿದೆ. ಅದೊಂದನ್ನಾದರೂ ನನ್ನಿಂದ ಕಲಿತೆ.

ಇನ್ನು ನನ್ನ ಮಾತು ಕೇಳು, ಇದು ಸಿಟ್ಟಿನಿಂದ ಬರೆಯುತ್ತಿರುವುದಲ್ಲ, ಸಿಟ್ಟು ಇಳಿಯಲಿ ಅಂತಲೇ ಒಂದು ವಾರ ಕಾದೆ. ಕೈ ನಡುಗುವವರು ಆ ಕುರ್ಚಿಯಲ್ಲಿ ಕೂರಬಾರದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸಮಯ ಇಲ್ಲ, ಜನ ಇಲ್ಲ, ಕಾಲ ಕೆಟ್ಟಿತು ಅಂತೆಲ್ಲ ನೀನು ಜನವರಿಯಲ್ಲಿ ಬರೆದಾಗ ನಾನು ಅರ್ಧ ನಂಬಿದ್ದೆ. ಅನಿಮೆ ಹಾಳಾಗುವುದು ಹೀಗೆ: ಕೈ ಹೋದವರು ಹೋಯಿತು ಅಂತ ಒಪ್ಪುವುದಿಲ್ಲ, ಪಕ್ಕದವರು ಸಂಕೋಚಕ್ಕೆ ಹೇಳುವುದಿಲ್ಲ. ನನಗೆ ಹಾಗಾಗಿದ್ದರೆ ಅದೇ ದಿನ ಪೆನ್ಸಿಲ್ ಕೆಳಗಿಡುತ್ತಿದ್ದೆ.

ನೀನೂ ಕೆಳಗಿಡು. ಡಾಕ್ಟರಿಗೆ ತೋರಿಸಿಕೋ. ನನ್ನಿಂದಲೇ ಬಂದಿರಬೇಕು ಆ ಕಾಯಿಲೆ, ಅದಕ್ಕೆ ನನಗೆ ದುಃಖವಿದೆ.

ಅಪ್ಪ


ಜೂನ್ 11

ಅಪ್ಪನಿಗೆ,

ನೀವು ಹೇಳಿದಂತೆ ಬಿಟ್ಟೆ. ಯಾರೂ ಯಾಕೆ ಅಂತ ಕೇಳಲಿಲ್ಲ. ನಾನು ಹೊರಟ ವಾರವೇ ತಿದ್ದುವ ವಿಭಾಗವನ್ನು ಮುಚ್ಚಿದರು. ಮುಂದಿನ ಸರಣಿಯ ಚಿತ್ರಗಳು ತಿದ್ದದೆ ಹಾಗೇ ಹೋಗುತ್ತವಂತೆ. ನಿಮ್ಮ ಕುರ್ಚಿ, ಅಂದರೆ ನನ್ನ ಕುರ್ಚಿ, ಬಾಗಿಲ ಹತ್ತಿರ ಛತ್ರಿ ಇಡಲು ಹೋಗಿದೆ. ಉಳಿದ ಹಳದಿ ಹಾಳೆಗಳನ್ನು ಹರಿದು ಫೋನ್ ನಂಬರು ಬರೆದುಕೊಳ್ಳುತ್ತಿದ್ದಾರೆ. ನನ್ನ ಪೆನ್ಸಿಲ್‌ಗಳನ್ನು ಅಲ್ಲೇ ಬಿಟ್ಟು ಬಂದೆ.

ಈಗ ಒಂದು ಔಷಧಿ ಅಂಗಡಿಯ ಹಿಂಬದಿಯಲ್ಲಿ ಸೀಸೆಗಳಿಗೆ ಚೀಟಿ ಅಂಟಿಸುತ್ತೇನೆ. ಒಂದು ಚೀಟಿಯೂ ಸೊಟ್ಟಗಾಗುವುದಿಲ್ಲ ಅಂತ ಇಲ್ಲಿನವರಿಗೆ ಆಶ್ಚರ್ಯ. ಯಾವ ಅನಿಮೆಯನ್ನೂ ನೋಡುತ್ತಿಲ್ಲ. ನೀವೂ ಬೈಯಲು ಬೇರೆ ಯಾರನ್ನಾದರೂ ಹುಡುಕಿಕೊಳ್ಳಬೇಕು.

ಇನ್ನು ಸ್ವಲ್ಪ ದಿನ ಬರೆಯುವುದಿಲ್ಲ. ಸಿಟ್ಟಲ್ಲ. ಬರೆಯಲು ಏನೂ ಇಲ್ಲ.

ಮಗಳು


ಅಕ್ಟೋಬರ್ 2

ಮರಿ,

ಈ ಪತ್ರವನ್ನು ಆರು ದಿನದಿಂದ ಬರೆಯುತ್ತಿದ್ದೇನೆ. ಟೈಲರು 'ನೀವು ಹೇಳಿ ಸಾರ್, ನಾನು ಬರೀತೀನಿ' ಅಂದ. ಬೇಡ ಅಂದೆ.

ಹೋದ ವಾರ ನಿನ್ನ ಬಣ್ಣದ ಅತ್ತೆ ಬಂದಿದ್ದರು. ಸ್ಟುಡಿಯೋದವರು ಉಗ್ರಾಣ ಖಾಲಿ ಮಾಡುತ್ತ ಹಳೆಯ ಹಾಳೆಗಳನ್ನು ಹೊರಗೆ ಹಾಕುತ್ತಿದ್ದರಂತೆ, ಎರಡು ಕಟ್ಟು ಎತ್ತಿಕೊಂಡು ಬಂದಿದ್ದರು. ಒಂದು ಹನ್ನೆರಡನೇ ಕಂತಿನದು, ಒಂದು ಕೊನೆಯದು. ನಾನು, 'ನನ್ನ ಮಗಳು ನನ್ನ ಹಾಳೆ ತೆಗೆದು ತನ್ನದನ್ನು ಯಾಕೆ ಹಾಕಿದಳು, ನಿಮಗೇನಾದರೂ ಹೇಳಿದಳಾ?' ಅಂತ ಕೇಳಿದೆ. ಅವರು ಕಟ್ಟುಗಳನ್ನು ಮೇಜಿನ ಮೇಲಿಟ್ಟರು. 'ದೀಪದ ಮೇಲೆ ಇಟ್ಟು ನೋಡಿ ಮೇಷ್ಟ್ರೇ' ಅಂದು ಚಹಾ ಮಾಡಲು ಒಳಗೆ ಹೋದರು.

ಕೊನೆಯ ಕಂತಿನ ಕಟ್ಟಿನಲ್ಲಿ ಮೂವತ್ತೊಂದು ಹಾಳೆ. ಮೂವತ್ತೊಂದರ ಮೇಲೂ ನನ್ನ ಮೊಹರು. ಮೂವತ್ತೊಂದರಲ್ಲೂ ಆ ನಡುಕ. ಟಿವಿಯಲ್ಲಿ ನೋಡಿ ಚಳಿಜ್ವರ ಅಂದೆನಲ್ಲ, ಅದೇ.

ಹನ್ನೆರಡನೇ ಕಂತಿನ ಕಟ್ಟಿನಲ್ಲಿ ನಲವತ್ತು ಹಾಳೆ ಇದ್ದವು. ಕೆಳಗೆ ನನ್ನ ಇಪ್ಪತ್ತು, ಮೇಲೆ ಇನ್ನಿಪ್ಪತ್ತು. ಗೋಡೆಯಿಂದ ಇಳಿಸಿದ ಹದಿನೇಳನೆಯದೂ ಅದರಲ್ಲಿತ್ತು. ಅದನ್ನೂ ನನ್ನ ಹದಿನೇಳನೆಯದನ್ನೂ ಒಟ್ಟಿಗೆ ದೀಪದ ಮೇಲಿಟ್ಟೆ. ಕೆಳಗಿನ ಹೆಬ್ಬೆರಳು ಹುಳದ ಹಾಗೆ ತೆವಳುತ್ತಿತ್ತು. ಮೇಲಿನದು ಉಸಿರಾಡುತ್ತಿತ್ತು. ನಾನು ಮೂರು ಸಲ ನೋಡಿ, ಧ್ವನಿ ತೆಗೆದು ನೋಡಿ, ಟೈಲರನ್ನು ಕರೆದು ತೋರಿಸಿ, ನನ್ನ ಕೈ ಪಳಗಿದೆ ಅಂತ ಕುಣಿದೆನಲ್ಲ, ಅದು ನಿನ್ನ ಗೆರೆ.

ಹಿತ್ತಲ ಗಿಡ ಮದ್ದಲ್ಲ ಅಂತ ಬೇರೆಯವರ ಬಗ್ಗೆ ಎಷ್ಟು ಸಲ ಅಂದಿದ್ದೇನೆ. ನಲವತ್ತು ವರ್ಷ ಅನಿಮೆ ಹಾಳಾಯಿತು, ಕಾಲ ಕೆಟ್ಟಿತು, ಈಗ ಯಾರಿಗೆ ಬರುತ್ತದೆ ಅಂತ ಕೂಗಿದೆ. ಈ ವರ್ಷ ಒಂದು ಗೆರೆ ಹುಟ್ಟಿತ್ತು, ನನ್ನ ಕಾಲದಲ್ಲೂ ಹುಟ್ಟದಂಥದು. ಅದನ್ನು ನನ್ನದೆಂದು ಹೊಗಳಿಕೊಂಡೆ. ಎಳೆದವಳಿಗೆ ಪೆನ್ಸಿಲ್ ಕೆಳಗಿಡು ಅಂದೆ. ನೀನು ಇಟ್ಟೂಬಿಟ್ಟೆ. ಇನ್ನು ಮೇಲೆ ಹಾಳಾಯಿತು ಅಂತ ಯಾರಾದರೂ ಅಂದರೆ ಹೌದು ಅನ್ನುತ್ತೇನೆ, ಯಾರು ಹಾಳು ಮಾಡಿದ್ದು ಅಂತಲೂ ಹೇಳುತ್ತೇನೆ.

ಜೂನ್ ಪತ್ರದಲ್ಲಿ ನೀನು ಒಂದು ಕಡೆ ಸಿಕ್ಕಿಬಿದ್ದಿದ್ದೆ. ಕೈ ನಡುಗುವವಳು ಅಂಟಿಸಿದ ಚೀಟಿ ಒಂದೂ ಸೊಟ್ಟಗಾಗುವುದಿಲ್ಲ ಅಂದರೆ ಹೇಗೆ? ನಾನು ಅದನ್ನು ಓದಿ ಮಡಚಿ ಒಳಗಿಟ್ಟೆ. ತಪ್ಪು ಹುಡುಕುವುದೇ ಉದ್ಯೋಗವಾಗಿದ್ದವನಿಗೆ ಅದೊಂದು ಕಣ್ಣಿಗೆ ಬೀಳಲಿಲ್ಲ.

ಮೊನ್ನೆ ಸ್ಟುಡಿಯೋಗೆ ಹೋಗಿದ್ದೆ, ನಿನ್ನನ್ನು ವಾಪಸ್ಸು ಕರೆಸಿಕೊಳ್ಳಿ ಅಂತ ಕೇಳಲು. ಯಾರ ಕಾಲು ಹಿಡಿಯಬೇಕೋ ಹಿಡಿಯುತ್ತೇನೆ ಅಂತಲೇ ಹೋಗಿದ್ದೆ. ಬಾಗಿಲಲ್ಲಿ ಕೂತಿದ್ದವಳಿಗೆ ನಾನು ಯಾರೆಂದು ಗೊತ್ತಾಗಲಿಲ್ಲ. ನಿರ್ದೇಶಕರು ಬಿಟ್ಟು ಹೋಗಿ ಎರಡು ತಿಂಗಳಾಯಿತಂತೆ. 'ತಿದ್ದೋರು ಅಂದರೆ ಯಾರು ಸಾರ್? ನಮ್ಮಲ್ಲಿ ಅಂಥ ಕೆಲಸ ಇಲ್ಲ' ಅಂದಳು. ಆ ಕುರ್ಚಿಯ ಮೇಲೆ ಎರಡು ಒದ್ದೆ ಛತ್ರಿ ಇದ್ದವು.

ಇದರ ಜೊತೆಗೆ ನಿನ್ನ ಏಪ್ರಿಲ್ ಪತ್ರವನ್ನು ವಾಪಸ್ಸು ಕಳಿಸುತ್ತಿದ್ದೇನೆ. ಅದರ ಮೇಲೆ ಒಂದು ಹಳದಿ ಹಾಳೆ ಇಟ್ಟು ಒಂದೇ ಸಾಲು ತಿದ್ದಿದ್ದೇನೆ. ನೀನು 'ನಾನೇ ಎಳೆದ ಗೆರೆ' ಅಂತ ಬರೆದಿದ್ದೆ. ಅಲ್ಲಿ 'ಅಪ್ಪ ಎಳೆದ ಗೆರೆ' ಅಂತ ಆಗಬೇಕು. ಉಳಿದದ್ದಕ್ಕೆ ಕೈ ಹಚ್ಚಿಲ್ಲ. ಕ್ಷಮಿಸಿ ಅಂತ ಕೊನೆಯಲ್ಲಿ ಬರೆದಿದ್ದೀಯಲ್ಲ, ಅದು ನಾನು ಬರೆಯಬೇಕಾದದ್ದು, ಆದರೆ ಆ ಜಾಗದಲ್ಲಿ ನಿನ್ನ ಅಕ್ಷರವೇ ಚೆನ್ನಾಗಿದೆ.

ಅಕ್ಷರ ಓದಲು ಕಷ್ಟವಾದರೆ ನಿಧಾನವಾಗಿ ಓದು. ಮೇಲೆ ಇನ್ನೊಂದು ಹಾಳೆ ಇಟ್ಟು ನೇರ ಮಾಡಬೇಡ. ಕೊನೆಯಲ್ಲಿ ಮೊಹರು ಒತ್ತಿದ್ದೇನೆ. ಮೂರು ಸಲ ಕಾಗದದ ಹೊರಗೆ ಮೇಜಿನ ಮೇಲೆ ಬಿತ್ತು, ನಾಲ್ಕನೆಯ ಸಲಕ್ಕೆ ಇಲ್ಲಿ ಕೂತಿತು.

ಇದ್ದದ್ದು ಇದ್ದ ಹಾಗೆ.

ಅಪ್ಪ